ಉಂಡಿ ಡಬ್ಬಿಗೆ ಹಗ್ಗ, ಕೂಸಿಗೆ ಬಾನೆಟ್

ಲಕ್ಷ್ಮೇಶ್ವರ, ಆಷಾಢ, ೧೯೮೪

ಬಸ್ಸುಗಳಲ್ಲಿ ಯಾರು ಮನುಷ್ಯರು, ಯಾರು ಅಲ್ಲ ಎಂಬುದನ್ನು ನಿರ್ಧರಿಸುವ ಸಾರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ಹೋದ ವರ್ಷ ಪಂಚಮಿ ಮುಗಿಸಿಕೊಂಡು ತವರಿನಿಂದ ಮರಳುವಾಗ, ಗದಗಿನಿಂದ ಲಕ್ಷ್ಮೇಶ್ವರಕ್ಕೆ ಬರುವ ಖಾಸಗಿ ಬಸ್ಸಿನ ಒಳಗೆ, ಡ್ರೈವರನ ಪಕ್ಕದ ಬಾನೆಟ್ ಮೇಲೆ ಕೂತಿದ್ದ ನನ್ನ ಮಗಳು ರುಕ್ಮಿಣಿ ತನ್ನ ಎಡಗಣ್ಣನ್ನು ಕಳೆದುಕೊಂಡಳು. ಆ ದಿನ ಆ ಬಸ್ಸಿನ ಪ್ರಯಾಣಿಕರಲ್ಲಿ ಯಾರಿಗೂ ಗಾಯವಾಗಿಲ್ಲವೆಂದು ನಿಮ್ಮ ಕಚೇರಿ ಬರೆದಿದೆ. ಎರಡೂ ಖರೆಯೇ. ನಿಮ್ಮ ಕಚೇರಿ ಸುಳ್ಳು ಬರೆದಿದೆ ಎಂದು ನಾನು ಆರೋಪಿಸುತ್ತಿಲ್ಲ. ಸುಳ್ಳು ಬರೆದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಳ್ಳು ಬರೆಯುವವನಿಗೆ ಕನಿಷ್ಠ ಖರೆ ಯಾವುದೆಂದು ಗೊತ್ತಿರುತ್ತದೆ.

ನಿಮ್ಮ ನಿಯಮ ನನಗೆ ಈಗ ಬಾಯಿಪಾಠವಾಗಿದೆ. ಮೂರು ವರ್ಷ ತುಂಬದ ಕೂಸಿಗೆ ಟಿಕೀಟು ಇಲ್ಲ. ಟಿಕೀಟು ಇಲ್ಲದ ಮೇಲೆ ಅದು ಪ್ರಯಾಣಿಕರ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದಕ್ಕೆ ಸೀಟು ಇಲ್ಲ, ಸೀಟು ಇಲ್ಲದ್ದು ಎಲ್ಲಿ ಕೂತಿತ್ತು ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಮೂರು ತುಂಬಿದ ಮೇಲೆ ಹನ್ನೆರಡರವರೆಗೆ ಅದು ಅರ್ಧ ಮನುಷ್ಯ. ನನ್ನ ರುಕ್ಮಿಣಿಗೆ ಮೂರು ತುಂಬುವುದು ಆ ವರ್ಷದ ನವರಾತ್ರಿಗೆ ಇತ್ತು. ಅವಸರ ಮಾಡಿದಳು. ಇನ್ನಷ್ಟು ದಿನ ತಡೆದು ಕಣ್ಣು ಕಳೆದುಕೊಂಡಿದ್ದರೆ ಅರ್ಧ ಗಾಯವಾದರೂ ನಿಮ್ಮ ಕಾಗದದ ಮೇಲೆ ಬೀಳುತ್ತಿತ್ತು.

ನೀವು ಜೀಪಿನಲ್ಲಿ ಓಡಾಡುವವರು. ಪಂಚಮಿಯ ಕಾಲದಲ್ಲಿ ಗದಗಿನ ಬಸ್ ಸ್ಟ್ಯಾಂಡು ಹೇಗಿರುತ್ತದೆ ಎಂಬುದು ನಿಮಗೆ ತಿಳಿದಿರಲಿಕ್ಕಿಲ್ಲ. ಈ ಭಾಗದ ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ತವರಿಗೆ ಹೊರಡುತ್ತಾರೆ, ಒಮ್ಮೆಲೇ ಗಂಡನ ಮನೆಗೆ ಮರಳುತ್ತಾರೆ. ಒಬ್ಬೊಬ್ಬಳ ಕೈಯಲ್ಲೂ ಒಂದು ಉಂಡಿ ಡಬ್ಬಿ, ಒಂದು ಕೂಸು. ಬಸ್ಸು ಬಂದು ನಿಲ್ಲುವ ಮೊದಲೇ ಗಂಡಸರು ಕಿಟಕಿಗೆ ಜೋತು ಬೀಳುತ್ತಾರೆ. ಮೊದಲು ಟವೆಲ್ಲು ಎಸೆಯುತ್ತಿದ್ದರು. ಟವೆಲ್ಲನ್ನು ಯಾರಾದರೂ ಎತ್ತಿ ಹೊರಗೆ ಒಗೆಯಬಹುದು, ಕೂಸನ್ನು ಒಗೆಯಲಾಗುವುದಿಲ್ಲ. ಆದ್ದರಿಂದ ಈಗ ನಮ್ಮ ಕಡೆ ಕಿಟಕಿಯಲ್ಲಿ ಕೂಸನ್ನೇ ತೂರಿಸಿ ಸೀಟು ಹಿಡಿಯುವುದು ರೂಢಿ. ನನ್ನ ತಮ್ಮ ದತ್ತಾತ್ರಿಯೂ ಅದನ್ನೇ ಮಾಡಿದ. ರುಕ್ಮಿಣಿ ಒಳಗೆ ಬಿದ್ದವಳೇ ಸೀಟಿನ ಮೇಲೆ ಕೈಕಾಲು ಚಾಚಿ ಮಲಗಿ, ಬಂದವರಿಗೆಲ್ಲ "ಇದು ನಮ್ಮದೈತಿ" ಎಂದು ಹೇಳಿದಳಂತೆ. ಆ ಮಾತನ್ನು ಆಕೆ ನನ್ನ ತವರೂರು ಬೆಟಗೇರಿಯ ಓಣಿಯಲ್ಲಿ ಕಲಿತಿದ್ದಳು. ನಾನು ಗುದ್ದಾಡಿ ಒಳಗೆ ಹೋಗಿ ನೋಡಿದರೆ ಆಕೆ ಸೀಟನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಕೂತೆ, ಆಕೆ ನನ್ನ ತೊಡೆಯ ಮೇಲೆ ಬಂದಳು. ಸೀಟು ಗೆದ್ದವಳಿಗೆ ಸೀಟು ಇಲ್ಲ ಎಂಬುದು ಅಲ್ಲಿಂದಲೇ ಶುರುವಾಯಿತು.

ಕಂಡಕ್ಟರ ಸಂಗಪ್ಪನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಉಂಡಿ ಡಬ್ಬಿಯನ್ನು ನಾನು ಕಾಲ ಬಳಿ ಇಟ್ಟುಕೊಂಡಿದ್ದೆ. ಆತ ನೋಡಿ ಹೌಹಾರಿದ. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ, ಮೂರೂ ಬಗೆಯವು ಅದರಲ್ಲಿವೆ ಎಂದಾಗ ಇನ್ನೂ ಗಾಬರಿಯಾದ. ತಾನೇ ಮೊಣಕಾಲೂರಿ ಕೂತು, ಎಲ್ಲಿಂದಲೋ ಸುತಳಿ ಹಗ್ಗ ತಂದು, ಡಬ್ಬಿಯನ್ನು ಸೀಟಿನ ಕಬ್ಬಿಣದ ಕಾಲಿಗೆ ಎರಡು ಸುತ್ತು ಹಾಕಿ ಬಿಗಿದ. ಅಲುಗಾಡಿಸಿ ನೋಡಿದ. "ಈ ದಾರಿ ಏನ್ ಕೇಳ್ತೀರಿ ಅಕ್ಕಾರ, ಒಂದ್ ಬ್ರೇಕ್ ಹೊಡದ್ರ ಎಲ್ಲಾ ಪುಡಿಪುಡಿ. ಈಗ ನೋಡ್ರಿ, ಒಂದ್ ಉಂಡಿ ಸುದ್ದಾ ಒಡಿಯಂಗಿಲ್ಲ," ಎಂದ.

ಅಂದರೆ, ಮಾನ್ಯರೇ, ಆತನಿಗೆ ಎಲ್ಲವೂ ಗೊತ್ತಿತ್ತು. ಬ್ರೇಕು ಹಾಕಿದರೆ ಏನಾಗುತ್ತದೆ, ಹಗ್ಗ ಏಕೆ ಬೇಕು, ಸುತ್ತು ಎಷ್ಟು ಬಿಗಿ ಇರಬೇಕು, ಎಲ್ಲ. ಬಸ್ಸಿನ ಮೇಲೆ ಸೈಕಲ್ಲುಗಳನ್ನು ಕಟ್ಟಿದ್ದರು. ಯಾರದೋ ಕೋಳಿಗಳಿಗೆ ಕಾಲು ಕಟ್ಟಿದ್ದರು. ಆ ಗಾಡಿಯಲ್ಲಿ ಕಟ್ಟದೆ ಬಿಟ್ಟ ವಸ್ತು ಒಂದೇ.

ಅಸುಂಡಿಯ ಹತ್ತಿರ ಇನ್ನೊಂದು ಗುಂಪು ಹತ್ತಿತು. ಮೂವರ ಸೀಟಿನಲ್ಲಿ ಆಗಲೇ ನಾಲ್ವರು ಇದ್ದೆವು, ಐದನೆಯವಳನ್ನು ಸೇರಿಸಿದರು. ನನ್ನ ಮೈಮೇಲೆ ಮೈ ಬಿದ್ದು ಕೂಸಿಗೆ ಉಸಿರು ಕಟ್ಟಿದಂತಾಗಿ ಅತ್ತಳು. ಆಗ ಇಡೀ ಬಸ್ಸಿಗೆ ನನ್ನ ಮಗಳ ಮೇಲೆ ಮಮತೆ ಉಕ್ಕಿತು. ಕೊಡ್ರಿ ಕೂಸಿನ್ನ ಇತ್ತಾಗ, ಮುಂದ ಗಾಳಿ ಬರತೈತಿ, ಎಂದು ಹಿಂದಿನಿಂದ ಒಬ್ಬರು, ಪಕ್ಕದಿಂದ ಒಬ್ಬರು. ನಾನು ಬೇಡವೆಂದೆ. ಒಬ್ಬ ಮುದುಕಿ, ಕಲಿತವರ ಮಕ್ಕಳು ಕಾಗದದ ಮಕ್ಕಳೇನು ಎಂದು ನಕ್ಕಳು. ಡ್ರೈವರ ಹೊಳೆಯಪ್ಪನನ್ನು ಈ ದಾರಿಯ ಮಕ್ಕಳೆಲ್ಲ ಬಲ್ಲರು. ಪಕ್ಕದ ಬಾನೆಟ್ ಮೇಲೆ ಮಕ್ಕಳಿಗೆಂದೇ ಒಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಟ್ಟಿರುತ್ತಾನೆ. ಎಂಜಿನ್ನಿನ ಕಾವು ತಾಗಬಾರದಲ್ಲ. ಕೂತ ಕೂಸಿಗೆ ಹಾರ್ನ್ ಒತ್ತಲು ಬಿಡುತ್ತಾನೆ. "ಬಾರವ್ವಾ ಸಣ್ಣ ಡ್ರೈವರ, ನೀ ಇಲ್ದ ಗಾಡಿ ಹೊಂಡಂಗಿಲ್ಲ," ಎಂದು ಆತ ಕರೆದ. ರುಕ್ಮಿಣಿ ಅಳು ನಿಲ್ಲಿಸಿ ಎರಡೂ ಕೈ ಚಾಚಿದಳು. ತಲೆಯಿಂದ ತಲೆಗೆ, ಕೈಯಿಂದ ಕೈಗೆ ದಾಟುತ್ತ ಮುಂದೆ ಹೋದಳು. ಆಕೆ ಬಿಟ್ಟ ಜಾಗದಲ್ಲಿ ಸಂಗಪ್ಪ ಒಂದು ಗೋಣಿಚೀಲ ಇಟ್ಟ.

ಆಮೇಲಿನದ್ದು ಬಹಳ ಸಣ್ಣ ಸುದ್ದಿ. ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ಹೊಳೆಯಪ್ಪ ಒಳ್ಳೆಯ ಡ್ರೈವರ, ಪೂರ್ತಿ ಬ್ರೇಕು ಒತ್ತಿದ. ಬಸ್ಸು ನಿಂತಿತು. ನಾವೆಲ್ಲ ಮುಂದಿನ ಸೀಟಿನ ಬೆನ್ನಿಗೆ ಹಣೆ ಬಡಿದುಕೊಂಡೆವು. ಬಾನೆಟ್ ಮೇಲಿನ ಕೂಸಿಗೆ ಬಡಿದುಕೊಳ್ಳಲು ಸೀಟಿನ ಬೆನ್ನು ಇರಲಿಲ್ಲ. ಗಾಜಿನ ಕೆಳಗೆ, ಪ್ರಯಾಣ ಸುಖವಾಗಿರಲೆಂದು ಇಟ್ಟ ದೇವರ ಫೋಟೋದ ಎದುರು, ಊದಿನಕಡ್ಡಿ ಚುಚ್ಚುವ ಹಿತ್ತಾಳೆಯ ಒಂದು ಸಣ್ಣ ಕುಡಿಕೆಯನ್ನು ಸ್ಕ್ರೂ ಹಾಕಿ ಕೂಡಿಸಿದ್ದರು. ಗಮನಿಸಿ, ಅದನ್ನೂ ಸ್ಕ್ರೂ ಹಾಕಿ ಕೂಡಿಸಿದ್ದರು.

ಕುರಿಮರಿಯೊಂದಕ್ಕೂ ಏಟು ತಾಗಲಿಲ್ಲ. ಕುರಿ ಕಾಯುವವನು ಬಯ್ಯುತ್ತ ಹಿಂಡನ್ನು ದಾಟಿಸಿಕೊಂಡು ಹೋದ. ಹಿಂದೆ ಕೂತವರು ಏನಾತು, ಏನಾತು ಎಂದು ಕೇಳತೊಡಗಿದಾಗ ಸಂಗಪ್ಪ ಮುಂದಿನದನ್ನು ನೋಡದೆಯೇ, ರೂಢಿಯಂತೆ, ಬಾಗಿಲು ಬಡಿದು ಕೂಗಿದ: "ಯಾರಿಗೂ ಏನೂ ಆಗಿಲ್ರೀ. ನಡೀರಿ, ನಡೀರಿ." ಆ ವಾಕ್ಯವನ್ನು ನೆನಪಿಡಿ, ಮಾನ್ಯರೇ. ಅದನ್ನು ಮೊದಲು ಹೇಳಿದವನು ಸಂಗಪ್ಪ, ಒಳ್ಳೆಯ ಕನ್ನಡದಲ್ಲಿ ತಿದ್ದಿ ಬರೆದವರು ನೀವು.

ನನ್ನ ಮಗಳು ಗದಗಿನ ಆಸ್ಪತ್ರೆಯಲ್ಲಿದ್ದಳು, ಆಮೇಲೆ ಹುಬ್ಬಳ್ಳಿಯಲ್ಲಿ. ಡಬ್ಬಿ ನಮಗಿಂತ ಮೊದಲು ಮನೆ ತಲುಪಿತು. ಸಂಗಪ್ಪ ತಾನೇ ಹೊತ್ತು ತಂದು ನಮ್ಮ ಅತ್ತೆ ಭಾಗೀರಥಿಬಾಯಿಯವರ ಕೈಗೆ ಕೊಟ್ಟು ಹೋಗಿದ್ದ. ಆತ ಹೇಳಿದ್ದು ನಿಜವಾಗಿತ್ತು. ಒಂದು ಉಂಡಿಯೂ ಒಡೆದಿರಲಿಲ್ಲ. ಅತ್ತೆ ಅದನ್ನು ತಿಂಗಳುಗಟ್ಟಲೆ ಯಾರಿಗೂ ಕೊಡಲಿಲ್ಲ, ಚೆಲ್ಲಲೂ ಇಲ್ಲ.

ನಾನು ಬಿ.ಎಸ್ಸಿ. ಓದಿದವಳು. ಭೌತಶಾಸ್ತ್ರದ ಪಾಠದಲ್ಲಿ, ಚಲಿಸುವ ವಸ್ತು ತನ್ನ ಚಲನೆಯನ್ನು ತಾನಾಗಿ ಬಿಡುವುದಿಲ್ಲ ಎಂಬುದಕ್ಕೆ ನಮಗೆ ಕೊಟ್ಟ ಉದಾಹರಣೆ ಯಾವುದು ಗೊತ್ತೇ? ಬಸ್ಸು. ಓಡುವ ಬಸ್ಸು ಒಮ್ಮೆಲೇ ನಿಂತರೆ ಪ್ರಯಾಣಿಕನು ಮುಂದಕ್ಕೆ ಬೀಳುತ್ತಾನೆ, ಕಾರಣ ಕೊಡಿರಿ. ಪ್ರತಿವರ್ಷ ಈ ಪ್ರಶ್ನೆ ಬರುತ್ತಿತ್ತು, ಪ್ರತಿವರ್ಷ ನಾವು ಉತ್ತರ ಬರೆಯುತ್ತಿದ್ದೆವು. ಪ್ರಾಯಶಃ ನೀವೂ ಬರೆದು ಪಾಸಾಗಿದ್ದೀರಿ. ಇಲ್ಲದಿದ್ದರೆ ಆ ಕುರ್ಚಿ ಸಿಗುತ್ತಿರಲಿಲ್ಲ. ಇಡೀ ರಾಜ್ಯದ ಮಕ್ಕಳಿಗೆ ಕಲಿಸುವ ಈ ಮಾತನ್ನು ಇಡೀ ರಾಜ್ಯದ ಬಸ್ಸುಗಳಿಗೆ ಯಾರೂ ಏಕೆ ಹೇಳಲಿಲ್ಲ? ಅಥವಾ ಪಠ್ಯದಲ್ಲಿ "ಪ್ರಯಾಣಿಕನು" ಎಂದಿದೆ, ಕೂಸು ಪ್ರಯಾಣಿಕನಲ್ಲ, ಆದ್ದರಿಂದ ಅದು ಮುಂದಕ್ಕೆ ಬೀಳುವುದಿಲ್ಲ ಎಂದು ನೀವು ತಿಳಿದಿದ್ದೀರಾ?

ಆಕೆಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಾನು ಮತ್ತು ನನ್ನ ಯಜಮಾನರು ನಿಮ್ಮ ಕಚೇರಿಗೆ ಬಂದಿದ್ದೆವು. ನಿಮಗೆ ನೆನಪಿರಬಹುದು, ಚಹ ತರಿಸಿದಿರಿ. ನಮ್ಮ ಯಜಮಾನರು ಪ್ರಹ್ಲಾದರಾಯರು ಹೈಸ್ಕೂಲಿನಲ್ಲಿ ಗುಮಾಸ್ತರು, ಮೇಲಿನವರ ಎದುರು ಕೂತು ಅಭ್ಯಾಸವಿಲ್ಲ, ನಿಂತೇ ಇದ್ದರು. ನಮಗೆ ಪರಿಹಾರ ಬೇಡ, ಆ ದಿನ ಒಬ್ಬ ಪ್ರಯಾಣಿಕಳಿಗೆ ಗಾಯವಾಯಿತೆಂದು ತಿದ್ದಿ ಬರೆಯಿರಿ, ಮಕ್ಕಳನ್ನು ಬಾನೆಟ್ ಮೇಲೆ ಕೂಡಿಸಬಾರದೆಂದು ಒಂದು ಆದೇಶ ಹೊರಡಿಸಿರಿ ಎಂದು ಕೇಳಿದೆವು. ನೀವು ಸಿಟ್ಟಾಗಲಿಲ್ಲ. ಬೇಸರದಿಂದ, ತೀರ ಸಣ್ಣ ಮಗುವಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಹೇಳಿದಿರಿ: "ನೋಡ್ರಿ ತಾಯಿ, ನಿಮ್ಮ ದುಃಖ ನನಗ ತಿಳಿತದ. ಆದ್ರ ಕಾಯ್ದೆ ಪ್ರಕಾರ ನಿಮ್ಮ ಕೂಸು ಆ ಗಾಡ್ಯಾಗ ಇದ್ದಿದ್ದೇ ಇಲ್ಲ."

ಆ ಚಹವನ್ನು ನಾನು ಕುಡಿದೆ.

ಹೊರಗೆ ಬಂದಾಗ ನಿಮ್ಮ ಜೀಪು ಹೊರಡಲು ನಿಂತಿತ್ತು. ಮನೆಯವರನ್ನು ಎಲ್ಲಿಗೋ ಬಿಡಲಿಕ್ಕಿರಬೇಕು. ಹಿಂದೆ ಸ್ಟೆಪ್ನಿ ಗಾಲಿಯನ್ನು ದಪ್ಪ ದಪ್ಪ ನಟ್ಟು ಹಾಕಿ ಬಿಗಿದಿದ್ದರು. ಮುಂದಿನ ಸೀಟಿನಲ್ಲಿ ನಿಮ್ಮ ಮಗಳು, ನನ್ನ ರುಕ್ಮಿಣಿಯಷ್ಟೇ ಇದ್ದಾಳೆ, ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಳು. ಗುಲಾಬಿ ಫ್ರಾಕು. ಎರಡೂ ಕಣ್ಣು ದೊಡ್ಡವು. ನಾನು ಶಾಪ ಹಾಕುವವಳಲ್ಲ, ದೇವಸ್ಥಾನದ ಮನೆತನದಲ್ಲಿ ಹುಟ್ಟಿದವಳು. ಇಷ್ಟೇ ಹೇಳುತ್ತೇನೆ: ಕುರಿಗಳು ಬಸ್ಸು ಯಾವುದು, ಅಧಿಕಾರಿಗಳ ಜೀಪು ಯಾವುದು ಎಂದು ನೋಡಿ ದಾರಿ ದಾಟುವುದಿಲ್ಲ.

ಇದನ್ನು ಓದಿ ನಿಮಗೆ ಕೋಪ ಬಂದಿತೇ? ಬರಲಿ. ರಾತ್ರಿ ನಿದ್ದೆ ಹೋದರೆ ಇನ್ನೂ ಒಳ್ಳೆಯದು. ನನಗೂ ಒಬ್ಬರು ಜೊತೆಯಾದ ಹಾಗಾಯಿತು. ದೂರದಲ್ಲಿ ಎಲ್ಲಾದರೂ ಲಾರಿ ಬ್ರೇಕು ಹಾಕಿದ ಸದ್ದಾದರೆ ನಾನು ಎದ್ದು ಕೂತು, ಪಕ್ಕದಲ್ಲಿ ಮಲಗಿದ ಕೂಸಿನ ಮುಖದ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಒಂದು ರೆಪ್ಪೆ ಅಲುಗುತ್ತದೆ.

ಕೂಸನ್ನು ಗಾಡಿಯಲ್ಲಿ ಬೇರೆ ಹೇಗೆ ಕೂಡಿಸಲಾಗುತ್ತದೆ ಎಂದು ನೀವು ಕೇಳಬಹುದು. ನಾನು ಕಣ್ಣಾರೆ ಕಂಡಿದ್ದೇನೆ. ಎರಡು ವರ್ಷದ ಹಿಂದೆ ಇಲ್ಲಿ ಸೋಮೇಶ್ವರ ಗುಡಿಯ ಶಿಲ್ಪ ನೋಡಲು ಪರದೇಶದ ಗಂಡಹೆಂಡತಿ ಕಾರಿನಲ್ಲಿ ಬಂದಿದ್ದರು. ಹಿಂದಿನ ಸೀಟಿನ ಮೇಲೆ ಇನ್ನೊಂದು ಪುಟ್ಟ ಸೀಟು, ಅದರಲ್ಲಿ ಕೂಸು, ಕೂಸಿನ ಎರಡೂ ಹೆಗಲ ಮೇಲಿಂದ ಪಟ್ಟಿ. ಕೂಸು ನಿದ್ದೆ ಹೋಗಿತ್ತು. ಓಣಿಯ ಜನವೆಲ್ಲ ಗುಡಿ ಬಿಟ್ಟು ಕಾರಿನ ಸುತ್ತ ನೆರೆಯಿತು. ನಮ್ಮ ಅತ್ತೆಯವರು ಬಗ್ಗಿ ಕಾರಿನ ಒಳಗೆ ನೋಡಿದರು. "ಏನ್ ಪಾಪ ಮಾಡ್ಯದ ಈ ಕೂಸು, ಕಳ್ಳನ್ನ ಕಟ್ಟಿಧಾಂಗ ಕಟ್ಟ್ಯಾರಲ್ಲ. ಇವರ ಕಡೆ ತಾಯಂದಿರಿಗೆ ತೊಡಿ ಇಲ್ಲೇನು?" ಎಂದರು. ನಾನು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಆ ತಾಯಿಯನ್ನು ವಿಚಾರಿಸಿದೆ. ತಮ್ಮ ಕಡೆ ಹೀಗೆ ಕಟ್ಟದೆ ಕೂಸನ್ನು ಕಾರಿನಲ್ಲಿ ಒಯ್ದರೆ ಪೊಲೀಸರು ಹಿಡಿಯುತ್ತಾರೆ, ಈಗೀಗ ಕಾಯ್ದೆ ಬಂದಿದೆ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದಾಗ ನೆರೆದ ಜನ ನಕ್ಕಿತು. ತಾಯಿಗಿಂತ ಪೊಲೀಸರಿಗೆ ಕೂಸಿನ ಮೇಲೆ ಹೆಚ್ಚು ಕಾಳಜಿಯೇ ಎಂದು ಯಾರೋ ಕೇಳಿದರು. ಈಗ ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ: ತೊಡೆಗೆ ಮಮತೆ ಇರುತ್ತದೆ, ಪಟ್ಟಿ ಇರುವುದಿಲ್ಲ. ನನ್ನ ತೊಡೆಯಿಂದ ಆಕೆಯನ್ನು ಎತ್ತಿಕೊಂಡು ಹೋದದ್ದೂ ಮಮತೆಯೇ.

ಕಾಯ್ದೆ ನಮ್ಮಲ್ಲಿಲ್ಲ, ನಾನೇ ಕಟ್ಟಿದರಾಯಿತು ಎಂದುಕೊಂಡೆ. ನವರಾತ್ರಿ ಕಳೆದು ಆಕೆಗೆ ಮೂರು ತುಂಬಿ, ನಿಮ್ಮ ಕೃಪೆಯಿಂದ ಅರ್ಧ ಮನುಷ್ಯಳಾಗಿ ಬಡ್ತಿ ಪಡೆದ ಮೇಲೆ, ಮತ್ತೆ ಡಾಕ್ಟರರಿಗೆ ತೋರಿಸಲು ಗದಗಿಗೆ ಹೊರಟೆ. ಅದೇ ಬಸ್ಸು, ಅದೇ ಸಂಗಪ್ಪ. ಆಕೆಗೆ ಅರ್ಧ ಟಿಕೀಟು ತೆಗೆಸಿ, ನನ್ನ ಪಕ್ಕದ ಸೀಟಿನಲ್ಲಿ ಕೂಡಿಸಿ, ನನ್ನ ಹಳೆಯ ಇಳಕಲ್ಲ ಸೀರೆಯನ್ನು ಹರಿದು ಹೊಲಿದ ಅಗಲ ಪಟ್ಟಿಯಿಂದ ಆಕೆಯನ್ನು ಸೀಟಿನ ಬೆನ್ನಿಗೆ ಕಟ್ಟಿದೆ. ಎಮ್ಮೀ ಕರಾ ಕಟ್ಟಿಧಂಗ ಕಟ್ಟ್ಯಾರ ನೋಡ್ರಿ ಎಂದು ಹಿಂದಿನವರು ನಕ್ಕರು. ನಗಲಿ ಬಿಡಿ. ಮುಂದೆ ಒಂದು ಊರಿನ ಬಳಿ ನಿಮ್ಮ ಕಚೇರಿಯವರೇ ತಪಾಸಣೆಗೆ ಹತ್ತಿದರು. ಬಸ್ಸಿನಲ್ಲಿ ಎಷ್ಟು ಜನ ನಿಂತಿದ್ದಾರೆಂದು ನೋಡಲಿಲ್ಲ, ಬಾನೆಟ್ ಮೇಲೆ ಕೌದಿಯ ತುಂಬ ಮಕ್ಕಳಿದ್ದದ್ದನ್ನೂ ನೋಡಲಿಲ್ಲ. ನನ್ನ ಪಟ್ಟಿಯನ್ನು ನೋಡಿದರು. ಅರ್ಧ ಟಿಕೀಟಿಗೆ ಇಡೀ ಸೀಟು ಹಿಡಿದಿದ್ದೀರಿ, ಬಿಚ್ಚಿ ಎಂದರು. ಹಾಗಾದರೆ ಇಡೀ ಟಿಕೀಟು ಹರಿಯಿರಿ ಎಂದೆ. ಆಗ ಸಂಗಪ್ಪ ನಿಜವಾದ ಸಂಕಟದಲ್ಲಿ ಬಿದ್ದ.

"ಸಣ್ಣ ಕೂಸಿಗೆ ಇಡೀ ಟಿಕೀಟ ಹರಿಯಾಕ ಬರಂಗಿಲ್ರಿ ಅಕ್ಕಾರ. ಅದು ರೂಲ್ಸಿನ್ಯಾಗಿಲ್ಲ."

"ಮತ್ತ ಆಕಿ ಕೂಡೋದೆಲ್ಲೆ?"

"ಇನ್ನೊಂದ್ ಅರ್ಧಾ ತರ್ರಿ, ಇಬ್ಬರಿಗೂ ಕೂಡಿ ಒಂದ್ ಸೀಟ್ ಕೊಡ್ತೀನಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಿಮ್ಮವರೂ ನಕ್ಕರು. ನಾನು ಪಟ್ಟಿ ಬಿಚ್ಚಿದೆ. ಹೀಗೆ, ನಿಮ್ಮ ನಿಯಮಗಳ ಕೆಳಗೆ ಕೂಸೊಂದು ನ್ಯಾಯವಾಗಿ ಒಂದು ಸೀಟಿನಲ್ಲಿ ಕೂಡುವ ದಾರಿಯೇ ಇಲ್ಲವೆಂಬುದು ಸಿದ್ಧವಾಯಿತು. ಕಟ್ಟಬೇಕೆಂಬ ನಿಯಮ ನಿಮ್ಮಲ್ಲಿಲ್ಲ. ಕಟ್ಟಿದ್ದನ್ನು ಬಿಚ್ಚಿಸುವುದಕ್ಕೆ ಮಾತ್ರ ಒಂದಲ್ಲ ಒಂದು ನಿಯಮ ಸಿಕ್ಕೇ ಸಿಗುತ್ತದೆ.

ಸುಧಾರಣೆ ಏನೂ ಆಗಲಿಲ್ಲ ಎಂದರೆ ಅನ್ಯಾಯವಾದೀತು. ಹೊಳೆಯಪ್ಪ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೆಣ್ಣುಮಕ್ಕಳ ಹಾಗೆ ಅತ್ತು ಹೋಗಿದ್ದಾನೆ. ಮಾರನೆಯ ದಿನವೇ ಮಿಸ್ತ್ರಿಯನ್ನು ಕರೆಸಿ, ದೇವರ ಫೋಟೋವನ್ನೂ ಆ ಹಿತ್ತಾಳೆಯ ಕುಡಿಕೆಯನ್ನೂ ಬಾನೆಟ್ಟಿನ ಎದುರಿನಿಂದ ತೆಗೆಸಿ ತನ್ನ ಎದುರಿಗೆ ಕೂಡಿಸಿಕೊಂಡಿದ್ದಾನೆ. ಚುಚ್ಚಿದರೆ ತನಗೇ ಚುಚ್ಚಲಿ ಎಂದನಂತೆ. ಕೌದಿಯನ್ನು ಒಗೆದು, ರಕ್ತದ ಕಲೆ ಹೋಗದ್ದರಿಂದ ಮಗ್ಗುಲು ತಿರುವಿ ಹಾಸಿದ್ದಾನೆ. ಈ ಜಿಲ್ಲೆಯಲ್ಲಿ ಮಕ್ಕಳ ಪ್ರಯಾಣದ ಸುರಕ್ಷತೆಗಾಗಿ ಇದುವರೆಗೆ ಆಗಿರುವ ಕೆಲಸ ಇಷ್ಟು. ಅದನ್ನು ಮಾಡಿದವನು ಒಬ್ಬ ಡ್ರೈವರ, ನೀವಲ್ಲ.

ಇನ್ನು ಕೆಲವೇ ದಿನಗಳಲ್ಲಿ ಶ್ರಾವಣ. ಮತ್ತೆ ಪಂಚಮಿ ಬರುತ್ತದೆ. ಶಿರಹಟ್ಟಿಯಿಂದ, ಮುಂಡರಗಿಯಿಂದ, ಹುಲಕೋಟಿಯಿಂದ ಗದಗಿನ ಸ್ಟ್ಯಾಂಡಿಗೆ ಹೆಣ್ಣುಮಕ್ಕಳು ಬರುತ್ತಾರೆ, ಕಿಟಕಿಗಳಲ್ಲಿ ಕೂಸುಗಳು ತೂರಿ ಬೀಳುತ್ತವೆ. ತವರಿಗೆ ಹೋಗದಿರುವ ಶಕ್ತಿ ನನಗಿಲ್ಲ. ನನ್ನ ತಾಯಿ ಸರಸ್ವತಿಬಾಯಿ ಹಾಸಿಗೆ ಹಿಡಿದಿದ್ದಾರೆ, ಮೊಮ್ಮಗಳನ್ನು ನೋಡಬೇಕೆನ್ನುತ್ತಾರೆ. ಕಣ್ಣಿನ ಸುದ್ದಿಯನ್ನು ನಾವು ಅವರಿಗೆ ಇನ್ನೂ ಹೇಳಿಲ್ಲ. ರುಕ್ಮಿಣಿಯನ್ನು ಅದೇ ದಾರಿಯಲ್ಲಿ, ಅದೇ ಬಸ್ಸಿನಲ್ಲಿ ನಾನು ಕರೆದೊಯ್ಯಬೇಕು. ಉಳಿದಿರುವುದು ಒಂದು ಕಣ್ಣು. ಅದು ಬಲಗಣ್ಣು. ನನಗೆ ಬೇರೇನೂ ಬೇಕಾಗಿಲ್ಲ, ಅದು ಮರಳಿ ಮನೆಗೆ ಬರಬೇಕು.

ರುಕ್ಮಿಣಿ ಈಗ ಮನೆಯಲ್ಲಿ ಬಸ್ಸಿನ ಆಟ ಆಡುತ್ತಾಳೆ. ನೀರಿನ ಹಂಡೆಯನ್ನು ಬೋರಲು ಹಾಕಿ ಅದೇ ಬಾನೆಟ್ ಎನ್ನುತ್ತಾಳೆ. ಅದರ ಮೇಲೆ ಅಜ್ಜಿಯ ಸೀರೆಯ ತುಂಡು ಹಾಸಿ ಬಟ್ಟೆಯ ಗೊಂಬೆಯನ್ನು ಕೂಡಿಸುತ್ತಾಳೆ. ಬಾಯಿಯಿಂದ ಬಸ್ಸು ಓಡಿಸಿ, ಒಮ್ಮೆಲೇ ನಿಲ್ಲಿಸಿ, ಗೊಂಬೆಯನ್ನು ಗೋಡೆಗೆ ಬೀಸಿ ಒಗೆಯುತ್ತಾಳೆ. ಆಮೇಲೆ ಹಂಡೆಯನ್ನು ಅಂಗೈಯಿಂದ ಬಡಿದು ಹೇಳುತ್ತಾಳೆ: "ಯಾರಿಗೂ ಏನೂ ಆಗಿಲ್ರೀ. ನಡೀರಿ, ನಡೀರಿ." ಸಂಗಪ್ಪನ ದನಿ ಅಚ್ಚುಕಟ್ಟಾಗಿ ಬರುತ್ತದೆ. ಅತ್ತೆ ಎದ್ದು ದೇವರಮನೆಗೆ ಹೋಗುತ್ತಾರೆ. ನಾನು ಗೊಂಬೆಯನ್ನು ಎತ್ತಿ ಮತ್ತೆ ಆಕೆಯ ಕೈಗೆ ಕೊಡುತ್ತೇನೆ. ನಿಮ್ಮ ವರದಿಯನ್ನು ಇಷ್ಟು ನಿಷ್ಠೆಯಿಂದ ಬೇರೆ ಯಾರೂ ಓದಿರಲಿಕ್ಕಿಲ್ಲ.

ಆದ್ದರಿಂದ ಪಂಚಮಿಯ ಒಳಗೆ ಆದೇಶ ಹೊರಡಿಸಿ. ಹಾಲು ಕುಡಿಯುವ ಕೂಸಿನಿಂದ ಹಿಡಿದು ಪ್ರತಿಯೊಂದು ಮಗುವೂ ಒಂದು ತಲೆ, ಅದಕ್ಕೊಂದು ಸೀಟು, ಆ ಸೀಟಿಗೊಂದು ಪಟ್ಟಿ ಎಂದು ಬರೆಯಿರಿ. ಬಾನೆಟ್ ಮೇಲೆ ಮಗು ಕಂಡ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಇದು ನಿಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ಮೇಲಿನವರನ್ನು ಕೇಳಬೇಕಾದರೆ, ಪಟ್ಟಿ ಹೊಲಿಸಲು ಸರಕಾರಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾದರೆ, ನನ್ನ ಇನ್ನೊಂದು ಬೇಡಿಕೆಯಿದೆ. ಅದಕ್ಕೆ ಹೊಸ ಕಾಯ್ದೆ ಬೇಡ, ನಿಮ್ಮ ಒಂದು ಸಹಿ ಸಾಕು.

ನನ್ನ ಮಗಳನ್ನು ಸಾಮಾನೆಂದು ಘೋಷಿಸಿ. ಮನುಷ್ಯಳೆಂದು ಒಪ್ಪುವುದು ನಿಮಗೆ ಕಷ್ಟವೆಂದು ನೋಡಿಯಾಗಿದೆ. ಡಬ್ಬಿ ಎಂದು ಒಪ್ಪಿ. ಒಳಗೆ ಒಡೆಯುವಂಥದ್ದು ಇದೆ ಎಂದು ಮೇಲೊಂದು ಚೀಟಿ ಹಚ್ಚಿ ನಾನೇ ತರುತ್ತೇನೆ. ಆಗ ಸಂಗಪ್ಪ ಯಾರೂ ಹೇಳದೆಯೇ ಮೊಣಕಾಲೂರಿ ಕೂತು, ಸುತಳಿ ಹಗ್ಗ ತಂದು, ಎರಡು ಸುತ್ತು ಹಾಕಿ ಬಿಗಿದು, ಅಲುಗಾಡಿಸಿ ನೋಡುತ್ತಾನೆ. ಆತನ ಕಟ್ಟು ನನಗೆ ಗೊತ್ತಿದೆ. ಅದರಲ್ಲಿ ಕಟ್ಟಿದ್ದು ಒಡೆಯುವುದಿಲ್ಲ.

ಇಂತಿ,
ನಿಮ್ಮ ಕಾಯ್ದೆಯ ಪ್ರಕಾರ ಆ ದಿನ ಆ ಗಾಡಿಯಲ್ಲಿ ಇಲ್ಲದಿದ್ದ ಕೂಸಿನ ತಾಯಿ,
ಇಡೀ ಟಿಕೀಟಿನ ಪ್ರಯಾಣಿಕಳು,
ನರ್ಮದಾ, ಲಕ್ಷ್ಮೇಶ್ವರ